ಯಜಮಾನಿ ಮನೇಲಿಲ್ಲ

ಓವನ್ನಿನೊಳಗೆ ತಲೆ ತೂರಿಸಿ, ಕರಿಕಟ್ಟಿ ಕಲ್ಲಾಗಿದ್ದ ಕೊಬ್ಬನ್ನು ಹಳೆಯ ಚಾಕುವಿನಿಂದ ಕೆರೆಯುತ್ತ ಮಂಡಿಯೂರಿದ್ದ ಇನೆಸ್‌ಗೆ, ತಾನು ಈ ಕೆಲಸ ಮಾಡುತ್ತಿರುವುದು ಓವನ್ನಿನ ಮೇಲಿನ ಕನಿಕರದಿಂದಲ್ಲ ಎಂದು ಚೆನ್ನಾಗಿಯೇ ಗೊತ್ತಿತ್ತು. ಮನೆಕೆಲಸದ ನೆಲಿದಾ ಇವಳ ಮಗುವನ್ನು ಕರೆದುಕೊಂಡು ಬೀದಿಯ ಸಂತೆಗೆ ಹೋಗಿದ್ದಳು. ಇನ್ನೇನು ಬರುತ್ತಾಳೆ. ಬಂದವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಬೇಕು. ಮೊಂತೆವಿದೇಯೊದ ನೋಟರಿ ಇನೆಸ್ ಎಚಾರ್ತೆ, ಕೆಲಸದವಳ ನೀಲಿ ಚೌಕಳಿ ಏಪ್ರನ್ ಕಟ್ಟಿಕೊಂಡು, ಮೊಣಕೈವರೆಗೆ ಮಸಿ ಮಾಡಿಕೊಂಡು ನೆಲದ ಮೇಲಿರುವುದನ್ನು ಕಂಡು ‘ಅಯ್ಯೋ ಬಿಡೇ, ನಾನು ಮಾಡ್ತೀನಿ’ ಅನ್ನಬೇಕು. ಆಗ ತಾನು ತಲೆಯೆತ್ತದೆ ‘ಇರಲಿ, ದಿನಾ ನೀನೇ ಮಾಡ್ತೀಯಲ್ಲ’ ಅನ್ನಬೇಕು. ಕಚೇರಿಗೆ ಹೋಗದೆ ಮನೆಯಲ್ಲೇ ಉಳಿದು, ಬೆಳಗಿನಿಂದ ಈ ಎರಡು ಮಾತುಗಳನ್ನು ಅವಳು ಮನಸ್ಸಿನಲ್ಲೇ ಹತ್ತಾರು ಸಲ ಆಡಿ ನೋಡಿದ್ದಳು, ಪ್ರತಿ ಸಲವೂ ತನ್ನ ದನಿ ಇನ್ನಷ್ಟು ವಿನಯದಿಂದ ಕೇಳುವ ಹಾಗೆ ತಿದ್ದಿಕೊಂಡಿದ್ದಳು. ಮಾಡಬೇಕಾದದ್ದನ್ನು ಮಾಡದೆ ಬೇರೆ ಏನನ್ನೋ ಮೈಮುರಿದು ಮಾಡಿ ತೋರಿಸುವ ಈ ಅಭ್ಯಾಸ ಅವಳಿಗೆ ಹೊಸದೇನಲ್ಲ. ಗಂಡ ದಾರಿಯೊ ವಾರದಲ್ಲಿ ಐದು ದಿನ ಬಂದರಿನ ಕೆಲಸಕ್ಕೆಂದು ಪರ ಊರಿನಲ್ಲಿರುತ್ತಿದ್ದ. ಅವನ ಮೇಲೆ ಸಿಟ್ಟು ಬಂದಾಗಲೂ ಅವಳು ಅವನ ಅಂಗಿಗಳನ್ನೆಲ್ಲ ತೆಗೆದು ಇಸ್ತ್ರಿ ಮಾಡಿಡುತ್ತಿದ್ದಳು.

ಹಿಂದಿನ ದಿನ ಸಂಜೆ ನೆಲಿದಾ ಹೊರಡುವಾಗ, ಬಾಗಿಲ ಹತ್ತಿರ ಮಫ್ಲರ್ ಸುತ್ತಿಕೊಳ್ಳುತ್ತ, ಗೋಡೆ ನೋಡಿಕೊಂಡು ಹೇಳಿದ್ದಳು. “ಆ ಎರಡು ರೂಮಿನ ಮನೆ ವಿಷಯ ಇನೆಸ್. ಶುಕ್ರವಾರದೊಳಗೆ ಹೇಳ್ಬೇಕಂತೆ. ಬಾಡಿಗೆಗೆ ಜಾಮೀನು ಕೊಡೋ ಆಫೀಸ್ನೋರು ಸಂಬಳದ ಚೀಟಿ ತಗೊಂಬಾ ಅಂತಾರೆ. ಪಿಂಚಣಿ ನಿಧೀಲಿ ಹೆಸರಿಲ್ದೆ ಚೀಟಿ ಎಲ್ಲಿಂದ ತರ್ಲಿ ನಾನು? ಈ ವಾರ ಏನಾದ್ರೂ ಮಾಡೋಕಾಗುತ್ತಾ?” ಐವತ್ತು ದಾಟಿದ ಹೆಂಗಸು, ಬಸ್ ನಿಲ್ದಾಣದ ಹಿಂದಿನ ವಸತಿಗೃಹದ ಒಂದೇ ಕೋಣೆಯಲ್ಲಿ ಮಗಳ ಜೊತೆ ಇರುವವಳು, ಬೇರೆ ಐದು ಸಂಸಾರಗಳ ಜೊತೆ ಒಂದು ಒಲೆ ಹಂಚಿಕೊಂಡು ಅನ್ನ ಬೇಯಿಸುವವಳು, ‘ಮಾಡೋಕಾಗುತ್ತಾ’ ಎಂದು ಕೇಳಿದ್ದಳು. ಇನೆಸ್ ಅವಳ ತೋಳು ಹಿಡಿದು, “ಖಂಡಿತ. ಮುಂದಿನ ವಾರ ಕೂತ್ಕೊಂಡು ಮುಗಿಸಿಬಿಡೋಣ,” ಅಂದಿದ್ದಳು. ಹಾಗೆ ಹೇಳುವಾಗ ಅವಳ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ನೆಲಿದಾ “ಸರಿ” ಅಂದು ಹೋದಳು. ಬೇರೆ ದಿನ ಆಕೆ ಸರಿ ಅಂದಮೇಲೆ ಏನಾದರೂ ಒಂದು ಕುಚೋದ್ಯದ ಮಾತು ಸೇರಿಸುತ್ತಿದ್ದಳು. ನಿನ್ನೆ ಬರೀ ಸರಿ. ಆ ಒಂದು ‘ಸರಿ’ ಇನೆಸ್‌ಳ ಕಿವಿಯಲ್ಲಿ ರಾತ್ರಿಯಿಡೀ ಉಳಿದಿತ್ತು. ಇವಳು ಬಿಟ್ಟು ಹೋದರೆ? ಮಗ ಬ್ರೂನೋ ಇವಳ ಕೈಯಲ್ಲಲ್ಲದೆ ಇನ್ಯಾರ ಕೈಯಲ್ಲೂ ಉಣ್ಣುವುದಿಲ್ಲ, ಇವಳು ಹಾಡಿದರಲ್ಲದೆ ಮಧ್ಯಾಹ್ನ ಮಲಗುವುದಿಲ್ಲ. ಭಯ ಮೊದಲು ಬಂತು, ನಾಚಿಕೆ ಆಮೇಲೆ. ಆ ಕ್ರಮವೇ ತಪ್ಪು ಎಂದು ಮೂರನೆಯದಾಗಿ ಇನ್ನೊಂದು ನಾಚಿಕೆ.

ಮನೆಕೆಲಸಕ್ಕೆ ಯಾರನ್ನು ಇಟ್ಟುಕೊಂಡರೂ ಮೊದಲ ದಿನವೇ ಪಿಂಚಣಿ ನಿಧಿಯಲ್ಲಿ ಹೆಸರು ಬರೆಸಬೇಕು, ತಿಂಗಳು ತಿಂಗಳು ವಂತಿಗೆ ಕಟ್ಟಬೇಕು, ಸಂಬಳದ ಚೀಟಿ ಕೊಡಬೇಕು. ಇದು ಇನೆಸ್‌ಗೆ ಗೊತ್ತಿಲ್ಲದ ಕಾನೂನಲ್ಲ. ತನ್ನ ಕಚೇರಿಗೆ ಬರುವ ಮುದುಕಿಯರಿಗೆ ಅವಳೇ ಇದನ್ನು ಬಿಡಿಸಿ ಹೇಳುತ್ತಿದ್ದಳು, ಬೆರಳೆತ್ತಿ. ಹಣಕ್ಕೆ ಹಿಂದೆಮುಂದೆ ನೋಡುವವಳೂ ಅಲ್ಲ. ಆದದ್ದು ಇಷ್ಟೇ. ಹೋದ ಚಳಿಗಾಲದಲ್ಲಿ ನೆಲಿದಾ ಬಂದಾಗ, ಮಗು ಒಗ್ಗಿಕೊಳ್ಳುತ್ತದೋ ಇಲ್ಲವೋ ನೋಡೋಣ, ಸ್ವಲ್ಪ ದಿನ ಕಳೆಯಲಿ ಅಂದುಕೊಂಡಳು. ಒಂದು ದಿನ ಬರೆಸಲು ಕೂತಾಗ, ‘ಕೆಲಸಕ್ಕೆ ಸೇರಿದ ತಾರೀಕು’ ಎಂಬ ಜಾಗ ಎದುರಾಯಿತು. ನಿಜವಾದ ತಾರೀಕು ಹಾಕಿದರೆ ತಡವಾದದ್ದಕ್ಕೆ ದಂಡ, ಜೊತೆಗೆ ನಿಧಿಯ ಕಚೇರಿಯಲ್ಲಿ ತನ್ನನ್ನು ಬಲ್ಲ ಗುಮಾಸ್ತರ ಮುಂದೆ ಮುಖಭಂಗ. ಎಲ್ಲರೂ ಮಾಡುವ ಹಾಗೆ ಇವತ್ತಿನ ತಾರೀಕು ಹಾಕೋಣವೆಂದರೆ ಅದು ಸುಳ್ಳು. ಹದಿನೈದು ವರ್ಷದಿಂದ ‘ನನ್ನ ಸಮಕ್ಷಮ’ ಎಂದು ಬರೆದು ಸಹಿ ಹಾಕುತ್ತ ಬಂದ ಕೈ ಸುಳ್ಳು ತಾರೀಕು ಬರೆಯಲು ಒಪ್ಪಲಿಲ್ಲ. ಸುಳ್ಳು ಬರೆಯಲಾರದಷ್ಟು ಪ್ರಾಮಾಣಿಕಳಾದ್ದರಿಂದ ಅವಳು ಏನನ್ನೂ ಬರೆಯಲಿಲ್ಲ. ತಿಂಗಳು ಕಳೆದಷ್ಟೂ ನಿಜದ ತಾರೀಕು ಇನ್ನಷ್ಟು ದೂರ ಸರಿದು ಇನ್ನಷ್ಟು ಭಾರವಾಯಿತು. ಈ ಸೂಕ್ಷ್ಮವನ್ನು ದಾರಿಯೊಗೆ ಹೇಳಿದಾಗ ಅವನು ನಕ್ಕು, “ನಿನ್ನ ಪ್ರಾಮಾಣಿಕತೆಗೆ ಆ ಹೆಂಗಸು ದಂಡ ಕಟ್ತಿದಾಳೆ ಬಿಡು,” ಅಂದಿದ್ದ. ಅದಕ್ಕೆ ಅವಳು ಎರಡು ದಿನ ಮಾತು ಬಿಟ್ಟಿದ್ದಳು.

ಅದರ ಬದಲಿಗೆ ಸ್ನೇಹವನ್ನು ಕೊಟ್ಟಳು. ಮೊದಲ ದಿನವೇ ‘ಅಮ್ಮಾವ್ರೇ ಗಿಮ್ಮಾವ್ರೇ ಏನೂ ಬೇಡ, ಇನೆಸ್ ಅನ್ನು, ನೀನು ಅನ್ನು’ ಅಂದಳು. ಬೆಳಗ್ಗೆ ಕಚೇರಿಗೆ ಹೊರಡುವ ಮೊದಲು ಇಬ್ಬರೂ ಅಡುಗೆಮನೆಯ ಮೇಜಿಗೆ ಕೂತು, ಒಂದೇ ಸೋರೆ ಬುರುಡೆಯಿಂದ, ಒಂದೇ ಕೊಳವೆಗೆ ಬಾಯಿಟ್ಟು, ಮಾಟೆ ಎಂಬ ಕಹಿ ಎಲೆಯ ಕಷಾಯ ಹೀರುತ್ತಿದ್ದರು. ಒಬ್ಬರ ಎಂಜಲನ್ನು ಒಬ್ಬರು ಕುಡಿಯುವವರ ನಡುವೆ ಕಾಗದಪತ್ರದ ಮಾತು ಎತ್ತುವುದು ಹೇಗೆ ಎಂದು ಇನೆಸ್‌ಗೆ ಅನ್ನಿಸುತ್ತಿತ್ತು, ಅಥವಾ ಹಾಗೆ ಅನ್ನಿಸಲೆಂದೇ ಅವಳು ಇನ್ನೊಂದು ಸಲ ಬಿಸಿನೀರು ಹೊಯ್ಯುತ್ತಿದ್ದಳು. ತನ್ನ ಹಳೆಯ ಉಣ್ಣೆಯ ಕೋಟನ್ನು, ಒಂಟೆ ಬಣ್ಣದ್ದು, ಒಳ್ಳೆಯ ದರ್ಜಿ ಹೊಲಿದದ್ದು, ನೆಲಿದಾಗೆ ಕೊಟ್ಟಿದ್ದಳು. ಕೊಟ್ಟ ದಿನ ಇಬ್ಬರೂ ಕನ್ನಡಿ ಮುಂದೆ ನಿಂತು ನಕ್ಕಿದ್ದರು. “ಬೀದೀಲಿ ನನ್ನ ನೋಡ್ದೋರು ನಿಂಗೆ ನಮಸ್ಕಾರ ಹೇಳ್ತಾರೆ ಇನ್ನು,” ಅಂದಿದ್ದಳು ನೆಲಿದಾ.

ಬಾಗಿಲ ಗಂಟೆ ಹೊಡೆಯಿತು. ನೆಲಿದಾಳ ಹತ್ತಿರ ಬೀಗದಕೈ ಇತ್ತು, ಆದರೆ ಕೈತುಂಬ ಚೀಲ, ಮಗು ಬೇರೆ. ಇನೆಸ್ ಎದ್ದಳು. ಮುಖ ಒರೆಸಿಕೊಳ್ಳಬೇಕೆನಿಸಿತು, ಬೇಡ, ಹೀಗೇ ನೋಡಲಿ ಅನಿಸಿತು. ಉದ್ದನೆಯ ನಡುಮನೆ ದಾಟಿ, ಗಾಜಿನ ಒಳಬಾಗಿಲು ದಾಟಿ, ಬೀದಿಗೆ ತೆರೆಯುವ ದೊಡ್ಡ ಬಾಗಿಲನ್ನು ವಿನಯದ ನಗು ತಂದುಕೊಂಡೇ ತೆಗೆದಳು. ಹೊರಗೆ ಆಗಸ್ಟಿನ ಚಳಿಗಾಳಿಗೆ ಕೋಟಿನ ಕಾಲರ್ ಎತ್ತಿಕೊಂಡು ಅರವತ್ತರ ಆಸುಪಾಸಿನ ಒಬ್ಬ ಮನುಷ್ಯ ನಿಂತಿದ್ದ. ಕೊರಳಲ್ಲಿ ಗುರುತಿನ ಬಿಲ್ಲೆ, ಕಂಕುಳಲ್ಲಿ ರಟ್ಟಿನ ಫೈಲು.

“ನಮಸ್ಕಾರ ಕಣಮ್ಮಾ. ಓಯಾರ್ಸಾಬಾಲ್ ಅಂತ, ಕಾರ್ಮಿಕ ಇಲಾಖೆಯಿಂದ. ಮನೆಕೆಲಸದೋರ ವಿಚಾರಣೆ, ಈ ಬೀದೀಲಿ ಎಲ್ಲಾ ಮನೆಗೂ ಹೋಗ್ತಿದೀನಿ. ಹೆದರ್ಕೋಬೇಡಿ, ಒಳಗೆ ಬರೋ ಹಾಗಿಲ್ಲ ನಾನು. ಇಲ್ಲೇ ನಿಂತ್ಕೊಂಡು ನಾಲ್ಕು ಮಾತು. ಯಜಮಾನಿ ಇದಾರಾ?”

“ಯಜಮಾನಿ ಮನೇಲಿಲ್ಲ,” ಅಂದಳು ಇನೆಸ್.

ಅವಳು ಹೇಳಿದಳು ಅನ್ನುವುದಕ್ಕಿಂತ ಬಾಯಿ ಹೇಳಿತು. ಅವನು ‘ಕಣಮ್ಮಾ’ ಅಂದಾಗಲೇ, ಅವನ ಕಣ್ಣು ಏಪ್ರನ್ನಿನ ಮೇಲೆ ಹಾದು ಹೋದಾಗಲೇ, ತಪ್ಪಿಸಿಕೊಳ್ಳಲು ಒಂದು ಕಿಂಡಿ ತೆರೆದದ್ದು ಅವಳಿಗೆ ಕಂಡುಬಿಟ್ಟಿತ್ತು. ಸರಿ, ಆಮೇಲೆ ಬರ್ತೀನಿ ಅಂತ ಹೋಗುತ್ತಾನೆ, ಅಷ್ಟರಲ್ಲಿ ಏನಾದರೂ ಮಾಡಿದರಾಯಿತು. ಆದರೆ ಅವನು ಹೋಗಲಿಲ್ಲ. ಅವನ ಮುಖ ಸಡಿಲವಾಯಿತು, ಫೈಲು ಬಿಚ್ಚಿದ.

“ಒಳ್ಳೇದೇ ಆಯ್ತು ಬಿಡಿ. ಅವರು ಪಕ್ಕದಲ್ಲಿ ನಿಂತಿದ್ರೆ ನಿಮ್ಮಂಥೋರು ಬಾಯೇ ಬಿಡಲ್ಲ. ಹೆಸರೇನಮ್ಮಾ?”

“ನೆಲಿದಾ.”

“ಪೂರ್ತಿ ಹೆಸರು ಹೇಳಿ.”

ಇನೆಸ್‌ಗೆ ಗೊತ್ತಿರಲಿಲ್ಲ. ಅಪ್ಪನ ಕಡೆಯದು ಒಂದು, ಅಮ್ಮನ ಕಡೆಯದು ಒಂದು, ಎರಡೂ ಅಡ್ಡಹೆಸರಿಲ್ಲದೆ ಯಾರ ಕಾಗದವನ್ನೂ ಮುಟ್ಟದ ನೋಟರಿ ಅವಳು. ಒಂದು ಗ್ಯಾರೇಜು ಮಾರುವ ಮುದುಕನ ಅಜ್ಜಿಯ ಹೆಸರು ಕೂಡ ಕೇಳಿ ಬರೆದುಕೊಳ್ಳುತ್ತಿದ್ದಳು. ಒಂದು ವರ್ಷ ತನ್ನ ಮಗನನ್ನು ಎದೆಗವಚಿಕೊಂಡು ಸಾಕಿದವಳ ಹೆಸರು ಅವಳ ಫೋನಿನಲ್ಲಿ ‘ನೆಲಿದಾ ಬ್ರೂನೋ’ ಎಂದಿತ್ತು. ಆಕೆ ಉತ್ತರದ ಗಡಿಯ ಕಡೆಯವಳು, ಅಲ್ಲಿಯವರ ಹೆಸರುಗಳು ಬ್ರೆಜಿಲಿನವರ ಹಾಗಿರುತ್ತವೆ ಎಂದು ಲೆಕ್ಕ ಹಾಕಿ, “ಪೆರೇರಾ,” ಅಂದಳು.

“ಪೆರೇರಾ... ಇನ್ನೊಂದು?”

“ಅಷ್ಟೇ.”

ಅವನು ಪೆನ್ನು ನಿಲ್ಲಿಸಿ ಅವಳನ್ನು ನೋಡಿದ. ಅಪ್ಪನಿಲ್ಲದೆ ಹುಟ್ಟಿದವಳು ಅಂದುಕೊಂಡನೆಂದು ಅವಳಿಗೆ ತಿಳಿಯಿತು. “ನಾಚ್ಕೋಬೇಡಿ. ನಮ್ಮ ಅಮ್ಮನಿಗೂ ಒಂದೇ ಇತ್ತು,” ಅಂದ ಮೆತ್ತಗೆ. ಇನೆಸ್‌ಗೆ ಕೆನ್ನೆ ಸುಟ್ಟಿತು. ತನ್ನದಲ್ಲದ ಅವಮಾನಕ್ಕೆ ತನ್ನದಲ್ಲದ ಸಮಾಧಾನವನ್ನು ಇಸಕೊಂಡು ಅವಳು ತಲೆಯಾಡಿಸಿದಳು. ಆಮೇಲೆ ಪ್ರಶ್ನೆಗಳು ಬಂದವು, ಒಂದರ ಹಿಂದೊಂದು, ಯಾವುದೂ ಕಷ್ಟದ್ದಲ್ಲ. ಎಷ್ಟು ಹೊತ್ತಿನವರೆಗೆ ಕೆಲಸ? ನಾಲ್ಕರವರೆಗೆ, ಅಂದಳು. ನಿಜಕ್ಕೂ ಇನೆಸ್ ಕಚೇರಿಯಿಂದ ಬರುವಾಗ ಕತ್ತಲಾಗಿರುತ್ತದೆ, ನೆಲಿದಾ ಅಲ್ಲಿಯವರೆಗೆ ಕಿಟಕಿಯ ಬಳಿ ಮಗುವನ್ನು ಎತ್ತಿಕೊಂಡು ನಿಂತಿರುತ್ತಾಳೆ. ಮೊನ್ನೆ ಮನೆಕೆಲಸದವರ ದಿನ ರಜಾ ಕೊಟ್ರಾ? ಕೊಟ್ರು. ಆ ದಿನ ಬೆಳಗ್ಗೆ ‘ಅಯ್ಯೋ ಇವತ್ತಾ ಅದು? ಅರ್ಧ ದಿನ ಬಾ ನೆಲಿದಾ, ನಂಗೊಂದು ಕ್ರಯಪತ್ರ ಇದೆ’ ಎಂದು ಫೋನು ಮಾಡಿದ್ದಳು, ಅರ್ಧ ದಿನ ಸಂಜೆಯಾಗಿತ್ತು, ಬರುವಾಗ ಒಂದು ಡಬ್ಬಿ ಚಾಕೊಲೇಟು ತಂದಿದ್ದಳು. ನಿಧಿಯಲ್ಲಿ ಹೆಸರಿದೆಯಾ? ಇದೆ. ಸಂಬಳದ ಚೀಟಿ? ಕೊಡ್ತಾರೆ. ಸುಳ್ಳು ತಾರೀಕು ಬರೆಯಲಾರದ ಅವಳ ಕೈ ಏಪ್ರನ್ನಿನ ಜೇಬಿನಲ್ಲಿ ಸುಮ್ಮನಿತ್ತು. ಬಾಯಿಗೆ ಯಾವ ಅಡ್ಡಿಯೂ ಇರಲಿಲ್ಲ.

“ಯಜಮಾನಿ ಹೇಗೆ?”

“ಒಳ್ಳೆಯವರು,” ಅಂದಳು. ಅಂದಮೇಲೆ ಒಂದು ಸಣ್ಣ ಸಂತೋಷ ಮೈಯಲ್ಲಿ ಹರಿದದ್ದು ಗೊತ್ತಾಯಿತು. ತನ್ನ ಬಗ್ಗೆ ಒಬ್ಬರು ಹಾಗೆ ಹೇಳುವುದನ್ನು ಕೇಳಿ ಎಷ್ಟು ದಿನವಾಗಿತ್ತು! “ತುಂಬಾ ಒಳ್ಳೆಯವರು. ಒಂದೇ ಮೇಜಲ್ಲಿ ಕೂತು ಊಟ ಮಾಡ್ತೀವಿ. ಒಂದೇ ಬುರುಡೇಲಿ ಮಾಟೆ ಕುಡೀತೀವಿ. ಮನೆಯವಳ ಥರಾನೇ ನೋಡ್ಕೋತಾರೆ.”

ಅವನು ಅದನ್ನು ಬರೆದುಕೊಳ್ಳಲಿಲ್ಲ. “ಈ ಬೀದೀಲಿ ಎಲ್ರೂ ಅದನ್ನೇ ಹೇಳಿದ್ರು ಕಣಮ್ಮಾ. ಮಾಟೆ ಬರ್ಕೊಳೋಕೆ ಇದ್ರಲ್ಲಿ ಜಾಗ ಇಲ್ಲ,” ಅಂದು ನಕ್ಕ. ನಗುತ್ತಲೇ ಅವಳ ಕೈ ನೋಡಿದ. ಬೆರಳ ಸಂದುಗಳಲ್ಲಿ ಓವನ್ ತೊಳೆಯಲು ಹಾಕಿದ್ದ ಕ್ಷಾರ ತಗುಲಿ ಚರ್ಮ ಕೆಂಪಗೆ ಎದ್ದಿತ್ತು. “ಗ್ಲವ್ಸ್ ಕೊಡಲ್ವಾ ನಿಮಗೆ? ಆ ಔಷಧಿಗೆ ಚರ್ಮ ಸುಲಿದು ಹೋಗುತ್ತೆ.”

ಬೆಳಗ್ಗೆ ಇನೆಸ್ ಗ್ಲವ್ಸ್ ಹುಡುಕಿದ್ದಳು. ಸಿಂಕಿನ ಕೆಳಗೆ, ಕಪಾಟಿನಲ್ಲಿ, ಬಕೆಟ್ಟಿನ ಹಿಂದೆ. ಇರಲಿಲ್ಲ. ಮುಗಿದಿವೆಯೇನೋ, ನೆಲಿದಾ ಹೇಳಿಲ್ಲ ಅಂದುಕೊಂಡಿದ್ದಳು. ಈಗ ಬೀದಿಬಾಗಿಲಲ್ಲಿ ನಿಂತು, ಈ ಮನೆಯಲ್ಲಿ ಅವು ಯಾವತ್ತೂ ಇರಲಿಲ್ಲ ಎಂದು ಹೊಳೆಯಿತು. “ಕೊಡ್ತಾರೆ. ನಾನೇ ಹಾಕ್ಕೊಳಲ್ಲ,” ಅಂದಳು. ನೆಲಿದಾಳನ್ನು ಕೇಳಿದ್ದರೂ ಬಹುಶಃ ಅವಳು ಇದನ್ನೇ ಹೇಳುತ್ತಿದ್ದಳು, ಇದೇ ದನಿಯಲ್ಲಿ. ಆ ಮನುಷ್ಯ ಅವಳ ಉತ್ತರವನ್ನು ನಂಬಲಿಲ್ಲ, ನಂಬದೆಯೇ ಕನಿಕರದಿಂದ ತಲೆಯಾಡಿಸಿದ. ಎಷ್ಟೋ ವರ್ಷದಿಂದ ಯಾರೂ ಅವಳ ಕೈಯನ್ನು ಅಷ್ಟು ಕಾಳಜಿಯಿಂದ ನೋಡಿರಲಿಲ್ಲ. ಅವನು ಇನ್ನಷ್ಟು ಹೊತ್ತು ಹಾಗೇ ನಿಲ್ಲಲಿ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೆಯೇ ಅಸಹ್ಯವಾಯಿತು.

ಆಗ ಮೂಲೆ ತಿರುಗಿ ನೆಲಿದಾ ಬಂದಳು. ಒಂಟೆ ಬಣ್ಣದ ಕೋಟು, ಒಂದು ಕೈಯಲ್ಲಿ ಕುಂಬಳಕಾಯಿಯ ಹೋಳು ಇಣುಕುವ ಚೀಲ, ಇನ್ನೊಂದು ಕಂಕುಳಲ್ಲಿ ಕೆಂಪು ಟೋಪಿಯ ಬ್ರೂನೋ. ಸಂತೆಯ ಗಾಳಿಗೆ ಇಬ್ಬರ ಕೆನ್ನೆಯೂ ಕೆಂಪಗಾಗಿತ್ತು. ಬಾಗಿಲ ಬಳಿ ಬಂದು ನಿಂತು ನೋಡಿದಳು. ಮೊದಲು ಏಪ್ರನ್, ಆಮೇಲೆ ಫೈಲು, ಬಿಲ್ಲೆ, ಕೊನೆಗೆ ಇನೆಸ್‌ಳ ಮುಖ. ಇನೆಸ್ ಕಣ್ಣಲ್ಲೇ ಬೇಡಿಕೊಂಡಳು. ಏನೆಂದು ಬೇಡಿಕೊಂಡಳೋ ಅವಳಿಗೇ ಗೊತ್ತಿರಲಿಲ್ಲ. ಮುಂದಕ್ಕೆ ನಡೆದುಬಿಡು ಎಂದೋ, ಕಾಪಾಡು ಎಂದೋ.

ಓಯಾರ್ಸಾಬಾಲ್ ಟೋಪಿ ಮುಟ್ಟಿದ. “ನಮಸ್ಕಾರ ಮೇಡಂ. ಈ ಮನೆ ಯಜಮಾನಿ ನೀವೇನಾ? ಕಾರ್ಮಿಕ ಇಲಾಖೆಯಿಂದ ಬಂದಿದೀನಿ. ನಿಮ್ಮ ಕೆಲಸದೋರ ಹತ್ರ ಮಾತಾಡ್ತಿದ್ದೆ.”

ನೆಲಿದಾ ಮಗುವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬದಲಾಯಿಸಿಕೊಂಡಳು. “ಹೌದು,” ಅಂದಳು. “ಏನಂದ್ಲು ಇವಳು?”

“ಎಲ್ಲಾ ಸರಿಯಾಗಿದೆ ಅಂದ್ರು.”

“ನಾಲ್ಕು ಗಂಟೆಗೆ ಬಿಡ್ತೀನಿ ಅಂತಾನಾ?”

“ಹೂಂ.”

“ನಿಧೀಲಿ ಹೆಸರು ಬರೆಸಿದೀನಿ ಅಂತಾನೂ?”

“ಹೌದು ಮೇಡಂ.”

“ಪಾಪ.” ನೆಲಿದಾ ಇನೆಸ್‌ಳನ್ನು ನೋಡಿದಳು, ಸಿಟ್ಟಿನಿಂದಲ್ಲ, ಅಂಗಡಿಯಲ್ಲಿ ಒಂದು ಹಣ್ಣನ್ನು ತಿರುಗಿಸಿ ನೋಡುವ ಹಾಗೆ. “ನನ್ನ ಮಾನ ಉಳಿಸೋಕೆ ಹೇಳಿದಾಳೆ ಸಾರ್. ಬರೆಸಿಲ್ಲ ನಾನು. ಹೋದ ಚಳಿಗಾಲದಿಂದ ಮುಂದಿನ ವಾರ, ಮುಂದಿನ ವಾರ ಅಂತಾನೇ ಇದೀನಿ. ಅವಳು ಕೇಳಿದಾಗೆಲ್ಲ ಪಕ್ಕದಲ್ಲಿ ಕೂರಿಸ್ಕೊಂಡು ಮಾಟೆ ಕುಡಿಸ್ತೀನಿ. ಅಳು ಬೇರೆ ಬರುತ್ತೆ ನಂಗೆ. ಒಂದು ಮನೆ ಬಾಡಿಗೆಗೆ ತಗೋಬೇಕು ಅಂತಾಳೆ, ಚೀಟಿ ಇಲ್ದೆ ಯಾರು ಕೊಡ್ತಾರೆ ಅವಳಿಗೆ? ಬರ್ಕೊಳಿ, ಬರ್ಕೊಳಿ. ನಿಜಾನೇ ಬರ್ಕೊಳಿ.”

“ಯಾಕೆ ಮೇಡಂ ಬರೆಸಿಲ್ಲ? ಓದಿದೋರ ಥರ ಕಾಣ್ತೀರಿ.”

“ಅದೇ ನಂಗೂ ಗೊತ್ತಿಲ್ಲ ನೋಡಿ. ದಿನಾ ಯೋಚ್ನೆ ಮಾಡ್ತೀನಿ.” ನೆಲಿದಾ ಇನೆಸ್ ಕಡೆಗೆ ತಿರುಗಿದಳು. “ನಿಂಗೇನಾದ್ರೂ ಗೊತ್ತೇನೇ? ನಾನ್ಯಾಕೆ ಬರೆಸಿಲ್ಲ?”

ಇನೆಸ್‌ಗೆ ತಾರೀಕಿನ ವಿಷಯ, ನೋಟರಿಯ ಕೈಯ ವಿಷಯ, ಸ್ನೇಹದ ವಿಷಯ, ವರ್ಷವಿಡೀ ಅಷ್ಟು ಗಟ್ಟಿಯಾಗಿ ಕಟ್ಟಿಟ್ಟುಕೊಂಡಿದ್ದ ಕಾರಣಗಳೆಲ್ಲ ಬೀದಿಯ ಬೆಳಕಿನಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಮಗುವನ್ನಾದರೂ ಎತ್ತಿಕೊಳ್ಳೋಣವೆಂದು ಕೈ ಚಾಚಿದಳು. ಬ್ರೂನೋ ಅವಳ ಮಸಿ ಮುಖವನ್ನು ಒಂದು ಕ್ಷಣ ನೋಡಿ, ಬೆದರಿ, ನೆಲಿದಾಳ ಕುತ್ತಿಗೆಯಲ್ಲಿ ಮುಖ ಹುದುಗಿಸಿದ. “ಅಮ್ಮನ ಮಗ,” ಎಂದು ಓಯಾರ್ಸಾಬಾಲ್ ಮೆಚ್ಚುಗೆಯಿಂದ ನಕ್ಕ. ನೆಲಿದಾ ನಗಲಿಲ್ಲ. ಟೋಪಿಯನ್ನು ಮಗುವಿನ ಕಿವಿಯ ಮೇಲೆ ಎಳೆದಳು.

ಅವನು ಹಾಳೆ ತಿರುಗಿಸಿ ಪೆನ್ನು ಮುಂದೆ ಚಾಚಿದ. “ಇಲ್ಲೊಂದು ಸಹಿ ಮೇಡಂ, ಕೆಳಗೆ ನಿಮ್ಮ ಗುರುತಿನ ಚೀಟಿ ನಂಬರು. ಕಚೇರಿಗೆ ಬಂದು ಮುಂದಿನದ್ದು ಮಾಡ್ಬೇಕು.” ನೆಲಿದಾ ಚೀಲ ಕೆಳಗಿಟ್ಟು ಪೆನ್ನು ತೆಗೆದುಕೊಂಡಳು. ಬರೆಯಲಿಲ್ಲ. ಹಾಳೆಯ ಮೇಲೆ ಪೆನ್ನು ಹಿಡಿದುಕೊಂಡು ಸುಮ್ಮನೆ ನಿಂತಳು. ಅವಳಿಗೆ ಅವಸರವಿರಲಿಲ್ಲ. ಇನ್ನೊಬ್ಬರ ಹೆಸರಿನಲ್ಲಿ ಹಾಕಿದ ಸಹಿ ಏನಾಗುತ್ತದೆ, ಯಾರ ತಲೆಯ ಮೇಲೆ ಬರುತ್ತದೆ ಎಂದು ಇನೆಸ್‌ಗಿಂತ ಚೆನ್ನಾಗಿ ಆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಷ್ಟೋ ಸಲ ತನ್ನ ಕಚೇರಿಯಲ್ಲಿ, ಅಣ್ಣನ ಬದಲಿಗೆ ಸಹಿ ಮಾಡಲು ಬಂದ ತಮ್ಮಂದಿರನ್ನು, ಸತ್ತವರ ಗುರುತಿನ ಚೀಟಿ ತಂದವರನ್ನು ಅವಳು ಮುಖ ನೋಡಿಯೇ ಹಿಡಿದಿದ್ದಳು, ಉಗಿದು ಕಳಿಸಿದ್ದಳು. ಈಗಲೂ ಸುಮ್ಮನಿದ್ದುಬಿಡಬಹುದು, ನೆಲಿದಾ ಹೇಗೂ ಬರೆಯುವುದಿಲ್ಲ, ಏನಾದರೂ ನೆಪ ಹೇಳಿ ಇವನನ್ನು ಕಳಿಸುತ್ತಾಳೆ ಎಂಬ ಆಸೆ ಇನ್ನೂ ಇತ್ತು. ಆ ಆಸೆ ಎಷ್ಟು ಕೊಳಕು ಎಂದು ಕಾಣುವಷ್ಟು ಹೊತ್ತು ನೆಲಿದಾ ಪೆನ್ನನ್ನು ಹಾಗೇ ಹಿಡಿದಿದ್ದಳು.

“ಬರೀಬೇಡ,” ಅಂದಳು ಇನೆಸ್. “ಯಜಮಾನಿ ನಾನು. ಸಾರ್, ಈ ಮನೆ ನಂದು. ಮಗು ನಂದು. ನಾನು ಸುಳ್ಳು ಹೇಳ್ದೆ.”

ಓಯಾರ್ಸಾಬಾಲ್ ನಿಟ್ಟುಸಿರು ಬಿಟ್ಟ. “ಅಮ್ಮಾ, ಹೀಗೆ ಮಾಡ್ಬೇಡಿ. ಅವರ ತಪ್ಪು ನಿಮ್ಮ ಮೈಮೇಲೆ ಯಾಕೆ ಎಳ್ಕೋತೀರಿ? ಕೆಲಸದಿಂದ ತೆಗೆದ್ರೂ ಕಾನೂನಿದೆ, ನಿಮ್ಮನ್ನ ಏನೂ ಮಾಡೋಕಾಗಲ್ಲ. ಮೇಡಂ, ಎಷ್ಟು ಹೆದರಿಸಿ ಇಟ್ಟಿದೀರಿ ಇವರನ್ನ ನೋಡಿ.”

“ಅಲ್ಲ ಸಾರ್, ನಾನು ನೋಟರಿ. ಇನೆಸ್ ಎಚಾರ್ತೆ.”

“ಆಯ್ತಮ್ಮಾ ಆಯ್ತು,” ಅಂದ ಅವನು, ಜ್ವರ ಬಂದ ಮಕ್ಕಳಿಗೆ ಹೇಳುವ ದನಿಯಲ್ಲಿ.

ಒಂದು ನಿಮಿಷದ ಹಿಂದೆ ಸುಳ್ಳನ್ನು ಅಷ್ಟು ಸಲೀಸಾಗಿ ನಂಬಿದವನು ನಿಜವನ್ನು ನಂಬಲೊಲ್ಲ. ಎದುರು ಮನೆಯ ಕಿಟಕಿಯಲ್ಲಿ ಪರದೆ ಸರಿದದ್ದು ಕಂಡಿತು. “ನೆಲಿದಾ, ಹೇಳೇ,” ಅಂದಳು ಇನೆಸ್. ಈಗ ತಾನು ತಾನೇ ಎಂದು ಹೇಳಲು ನೆಲಿದಾಳ ಬಾಯಿ ಬೇಕಾಗಿತ್ತು. ನೆಲಿದಾ ಪೆನ್ನಿನ ಮುಚ್ಚಳ ಹುಡುಕಿ ಹಾಕಿ ಅವನ ಕೈಗೆ ವಾಪಸು ಕೊಟ್ಟಳು.

“ಇವಳೇ ಸಾರ್ ಯಜಮಾನಿ. ನಾನು ನೆಲಿದಾ ಸೊಸಾ ಬಿದಾರ್ತೆ. ಕೋಟು ಇವಳದು.”

ಇನೆಸ್ ಒಳಗೆ ಹೋಗಿ ಗುರುತಿನ ಚೀಟಿ ತಂದಳು. ಅವನು ಫೋಟೋ ನೋಡಿದ, ಮುಖ ನೋಡಿದ, ಮತ್ತೆ ಫೋಟೋ ನೋಡಿದ. ಅವಳು ತನ್ನ ಕಚೇರಿಯಲ್ಲಿ ಜನರನ್ನು ನೋಡುವುದೂ ಹೀಗೆಯೇ. ಅವನ ಮುಖದಲ್ಲಿದ್ದ ಕನಿಕರವೆಲ್ಲ ಸದ್ದಿಲ್ಲದೆ ಇಳಿದುಹೋಯಿತು. ಅವನು ಬೈಯಲಿಲ್ಲ. ಬರೆದದ್ದರ ಮೇಲೆ ಉದ್ದಕ್ಕೂ ಒಂದು ಗೆರೆ ಎಳೆದು, ಹೊಸ ಹಾಳೆ ತೆಗೆದು, “ನನಗೂ ಮೂವತ್ತು ವರ್ಷ ಸರ್ವೀಸಾಯ್ತು ಮೇಡಂ. ಹೀಗೆ ಯಾರೂ ಮಾಡಿರ್ಲಿಲ್ಲ,” ಅಂದ. ಆಮೇಲೆ ನೆಲಿದಾಳ ಕಡೆ ತಿರುಗಿದ. ಆ ಕನಿಕರ ಅವಳಿಗೆ ಸಿಗುತ್ತದೆಂದು ಇನೆಸ್ ಅಂದುಕೊಂಡಿದ್ದಳು. ಅವಳಿಗೂ ಸಿಗಲಿಲ್ಲ. ಅವನು ಸುಮ್ಮನೆ ಕೆಲಸ ಮಾಡಿದ.

“ಈಗ್ಲೂ ಇಲ್ಲೇ ಕೆಲಸ ಮಾಡ್ತಿದೀರಾ?”

“ಶುಕ್ರವಾರದವರೆಗೆ,” ಅಂದಳು ನೆಲಿದಾ.

ಅವನು ಬರೆದುಕೊಂಡ. ಇನೆಸ್ ಆ ಮಾತನ್ನು ಕೇಳಿದಳು, ಒಬ್ಬ ಸರ್ಕಾರಿ ಮನುಷ್ಯ ಕೇಳಿದ ಪ್ರಶ್ನೆಗೆ ಉತ್ತರವಾಗಿ, ಬೀದಿಯಲ್ಲಿ ನಿಂತು. “ನೆಲಿದಾ?” ಅಂದಳು. ನೆಲಿದಾ ಮಗುವಿನ ಮೂಗು ಒರೆಸುತ್ತ, ಬೇರೆ ಯಾರದೋ ವಿಷಯ ಹೇಳುವವಳ ಹಾಗೆ, “ನಿನ್ನೆ ರಾತ್ರಿನೇ ಫೋನ್ ಮಾಡಿ ಒಪ್ಕೊಂಡೆ ಇನೆಸ್. ಒಬ್ಬ ಹಲ್ಲಿನ ಡಾಕ್ಟ್ರ ಮನೆ. ಅವಳಿ ಮಕ್ಕಳಿದಾವೆ. ಸೋಮವಾರವೇ ಹೆಸರು ಬರೆಸಿ ಪತ್ರ ಕೊಡ್ತೀನಿ ಅಂದಿದಾರೆ. ಇವತ್ತು ಸಂಜೆ ಹೇಳೋಣ ಅಂತಿದ್ದೆ,” ಅಂದಳು.

“ಮೇಡಂ, ನೀವು ಮಗೂನ ಕರ್ಕೊಂಡು ಒಳಗೆ ಹೋಗಿ,” ಅಂದ ಓಯಾರ್ಸಾಬಾಲ್. “ಇವರ ಹತ್ರ ಒಬ್ಬರೇ ಇದ್ದಾಗ ಮಾತಾಡ್ಬೇಕು ನಾನು. ಬಾಗಿಲು ಹಾಕ್ಕೊಳಿ.”

ನೆಲಿದಾ ಬ್ರೂನೋನನ್ನು ತನ್ನ ಕುತ್ತಿಗೆಯಿಂದ ಬಿಡಿಸಿ ಕೊಟ್ಟಳು. ಬಿಡಿಸುವುದು ಸುಲಭವಾಗಲಿಲ್ಲ, ಒಂದೊಂದೇ ಬೆರಳು ಬಿಡಿಸಬೇಕಾಯಿತು. ಬಾಗಿಲು ಮುಚ್ಚಿದ ಕೂಡಲೇ ಬ್ರೂನೋ ಮನೆ ಕಿತ್ತುಹೋಗುವ ಹಾಗೆ ಕಿರುಚಿದ. ಇನೆಸ್ ತನ್ನ ಮನೆಯ ಬಾಗಿಲ ಹಿಂದೆ, ಅರ್ಧ ಕತ್ತಲಿನ ಆ ತಣ್ಣನೆಯ ಪಡಸಾಲೆಯಲ್ಲಿ ಅವನನ್ನು ತೂಗುತ್ತ ನಿಂತಳು. ನೆಲಿದಾ ಹಾಡುವ ಹಾಡಿನ ಮೊದಲ ಸಾಲು ನೆನಪಿತ್ತು, ಎರಡನೆಯದು ಬರಲಿಲ್ಲ. ಮೊದಲ ಸಾಲನ್ನೇ ಮತ್ತೆ ಮತ್ತೆ ಹಾಡಿದಳು. ಮಗು ಅವಳ ಎದೆಯನ್ನು ಎರಡೂ ಕೈಯಿಂದ ದೂಡುತ್ತಿತ್ತು. ಹೊರಗಿನ ಮಾತು ಕೇಳಿಸುತ್ತಿರಲಿಲ್ಲ. ಕ್ರಯಪತ್ರದ ಮಾತುಕತೆಗಳಲ್ಲಿ ಎಷ್ಟೋ ಸಲ ಅವಳೇ ಹೆಂಡತಿಯರನ್ನು ಹೊರಗೆ ಕೂರಿಸಿ ಗಂಡಂದಿರ ಜೊತೆ ಮಾತಾಡಿದ್ದಳು, ಗಂಡಂದಿರನ್ನು ಹೊರಗೆ ಕೂರಿಸಿ ಹೆಂಡತಿಯರ ಜೊತೆ. ಹೊರಗೆ ಕೂತವರು ಆ ಹೊತ್ತಿನಲ್ಲಿ ಏನು ಮಾಡುತ್ತಾರೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಏನನ್ನೂ ಮಾಡುವುದಿಲ್ಲ. ಗೋಡೆಯ ಮೇಲಿನ ತೇವದ ಕಲೆ ನೋಡುತ್ತಾರೆ. ತಮ್ಮ ಬಗ್ಗೆ ಯಾವ ಯಾವ ದಿನದ್ದನ್ನು ಹೇಳುತ್ತಿರಬಹುದು ಎಂದು ದಿನಗಳನ್ನು ನೆನೆಸಿಕೊಳ್ಳುತ್ತಾರೆ. ಚಾಕೊಲೇಟಿನ ದಿನ, ಜ್ವರ ಬಂದಿದ್ದರೂ ಬಾ ಅಂದ ದಿನ, ಮಗಳ ಹುಟ್ಟುಹಬ್ಬಕ್ಕೆ ಬೇಗ ಹೋಗುತ್ತೇನೆ ಅಂದಾಗ ಕೈಗಡಿಯಾರ ನೋಡಿಕೊಂಡ ದಿನ. ಹುಡುಕುತ್ತ ಹೋದರೆ ಒಳ್ಳೆಯ ದಿನಗಳೂ ಇದ್ದವು. ಅವನ್ನು ಓಯಾರ್ಸಾಬಾಲ್ ಕೇಳುವುದಿಲ್ಲ, ಬರೆದುಕೊಳ್ಳಲು ಜಾಗವಿಲ್ಲ.

ಒಮ್ಮೆ ಹೊರಗೆ ನೆಲಿದಾ ನಕ್ಕದ್ದು ಕೇಳಿಸಿತು. ಇನೆಸ್‌ಗೆ ಅದು ಎಲ್ಲಕ್ಕಿಂತ ಹೆಚ್ಚು ನೋವು ಮಾಡಿತು.

ಬಾಗಿಲು ತೆರೆದು ನೆಲಿದಾ ಒಳಗೆ ಬಂದಳು. ಕೋಟು ತೆಗೆದು ಮೊಳೆಗೆ ಹಾಕಿದಳು. ಬ್ರೂನೋ ಅಳು ನಿಲ್ಲಿಸಿ, ಬಿಕ್ಕುತ್ತ ಕೈ ಚಾಚಿದ. ನೆಲಿದಾ ಅವನನ್ನು ಎತ್ತಿಕೊಂಡು ಅಡುಗೆಮನೆಗೆ ನಡೆದಳು, ಎತ್ತರದ ಕುರ್ಚಿಯಲ್ಲಿ ಕೂರಿಸಿ ಕುಂಬಳಕಾಯಿ ತೊಳೆಯತೊಡಗಿದಳು. ತೆರೆದೇ ಇದ್ದ ಓವನ್ನನ್ನು, ಅದರ ಮುಂದೆ ನೆಲದ ಮೇಲೆ ಹರಡಿದ್ದ ಮಸಿಯನ್ನು ನೋಡಿದಳು. ಮಸಿಯನ್ನು ದಾಟಿಕೊಂಡು ಹೋಗಿ ನೀರು ಇಟ್ಟಳು.

ಇನೆಸ್ ಬಾಗಿಲಲ್ಲಿ ನಿಂತಿದ್ದಳು. ವರ್ಷದಿಂದ ಹೊರಬರದಿದ್ದ ಮಾತು ಈಗ ಯಾವ ಅಡ್ಡಿಯೂ ಇಲ್ಲದೆ ಹೊರಟಿತು. ಹೊರಡುವಾಗ ಅವಳಿಗೆ ಮೈ ಹಗುರಾಯಿತು, ತಾನು ಕೊನೆಗೂ ಒಳ್ಳೆಯವಳಾಗುತ್ತಿದ್ದೇನೆ ಅನ್ನಿಸಿತು, ಕಣ್ಣು ತುಂಬಿ ಬಂತು.

“ಹೋಗ್ಬೇಡ ನೆಲಿದಾ. ಇವತ್ತೇ ಬರೆಸ್ತೀನಿ, ಈಗ್ಲೇ. ಮೊದಲನೇ ದಿನದಿಂದ. ನಿಜವಾದ ತಾರೀಕೇ ಹಾಕ್ತೀನಿ. ದಂಡ ಎಷ್ಟಾದ್ರೂ ಆಗ್ಲಿ, ಯಾರೇನಾದ್ರೂ ಅಂದ್ಕೊಳ್ಳಿ. ಆ ಮನೆಗೆ ಬೇಕಾದ ಚೀಟಿ ಎಲ್ಲಾ ಕೊಡ್ತೀನಿ ನಿಂಗೆ.”

ನೆಲಿದಾ ಕುಂಬಳಕಾಯಿಯ ಬೀಜ ತೆಗೆಯುತ್ತಿದ್ದಳು. ಅವಳ ದನಿಯಲ್ಲಿ ಕಟುವಾದದ್ದೇನೂ ಇರಲಿಲ್ಲ.

“ಅದನ್ನ ನೀನು ಹೇಗೂ ಮಾಡ್ಲೇಬೇಕಂತೆ ಇನೆಸ್. ಅವರು ಹೇಳಿ ಹೋದ್ರು.”

ಇನೆಸ್ ಇನ್ನೇನು ಕೊಡಬಹುದೆಂದು ಯೋಚಿಸುತ್ತ ಅಲ್ಲೇ ನಿಂತಳು. ನೀರು ಕುದಿಯತೊಡಗಿದರೂ ಅವಳಿಗೆ ಏನೂ ಹೊಳೆಯಲಿಲ್ಲ.